ಹ್ಯೂಮಿಡಿಫೈಯರ್ ತಳದಲ್ಲಿ ಕಟ್ಟಿಕೊಂಡಿರುವ ಸುಣ್ಣವನ್ನು ತೆಗೆಯುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವಿರುವುದು ಷಿಕಾಗೋದಿಂದ ಸುಮಾರು ಒಂದು ಗಂಟೆಯ ಹಾದಿಯ ಊರಿನಲ್ಲಿ. ನಮ್ಮ ನಲ್ಲಿಯಲ್ಲಿ ಬರುವುದು ಮಿಷಿಗನ್ ಸರೋವರದ ನೀರಲ್ಲ, ಆಳದ ಕೊಳವೆಬಾವಿಯ ನೀರು. ನವೆಂಬರಿನಲ್ಲಿ ಹೀಟಿಂಗ್ ಶುರುವಾದ ಮೇಲೆ ಮನೆಯೊಳಗಿನ ಗಾಳಿ ಒಣಗಿ, ನಾಲ್ಕು ವರ್ಷದ ಮಗನಿಗೆ ರಾತ್ರಿ ಹೊತ್ತು ಮೂಗಿನಲ್ಲಿ ರಕ್ತ ಬರುತ್ತಿತ್ತು. ಹಾಗಾಗಿ ಕಳೆದ ವರ್ಷ ನಾಲ್ಕು ಲೀಟರ್ ನೀರು ಹಿಡಿಯುವ, ತಣ್ಣನೆಯ ಮಂಜು ಬಿಡುವ ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್ ತಂದೆವು. ಮೊದಲ ಎರಡು ತಿಂಗಳು ಯಾವ ತೊಂದರೆಯೂ ಇರಲಿಲ್ಲ.

ಈಗ ಅದರ ತಳದಲ್ಲಿ ಬಿಳಿಯ ಗಟ್ಟಿ ಪದರ ಕಟ್ಟಿಕೊಂಡಿದೆ. ನಡುವೆ ನಾಣ್ಯದಷ್ಟಿರುವ ಲೋಹದ ಬಿಲ್ಲೆಯ ಸುತ್ತ ಅದು ಉಂಗುರದಂತೆ ಏರಿದೆ. ಮಂಜು ಮೊದಲಿನ ಅರ್ಧದಷ್ಟೂ ಬರುತ್ತಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕಪ್ಪು ಬಣ್ಣದ ಟಿವಿಯ ಮೇಲೆ, ಮಗನ ಮಂಚದ ಪಟ್ಟಿಯ ಮೇಲೆ ರಂಗೋಲಿ ಪುಡಿ ಉದುರಿಸಿದಂತೆ ಬಿಳಿ ಧೂಳು ಕೂತಿರುತ್ತದೆ. ನಿನ್ನೆ ಸಿಟ್ಟಿನಿಂದ ಸ್ಟೀಲ್ ಚಮಚದ ಅಂಚಿನಲ್ಲಿ ಕೆರೆದೆ. ಸ್ವಲ್ಪ ಚಕ್ಕೆ ಎದ್ದಿತು, ಆದರೆ ಬಿಲ್ಲೆಯ ಮೇಲೆ ಒಂದು ಗೀರು ಬಿದ್ದಿದೆ.

ತೀರ್ಥಹಳ್ಳಿಯಲ್ಲಿ ತುಂಗೆಯ ನೀರು ಕುಡಿದು ಬೆಳೆದ ನಾನು ಪಾತ್ರೆಗೆ ಸುಣ್ಣ ಕಟ್ಟುವುದನ್ನು ಕಂಡವಳೇ ಅಲ್ಲ. ಊರಿನಿಂದ ಬಂದಿರುವ ಅತ್ತೆಯವರು ಹುಣಸೆಹಣ್ಣು ಹಾಕಿ ಉಜ್ಜಲು ಹೇಳುತ್ತಿದ್ದಾರೆ. ಯಂತ್ರ ಕೆಡದಂತೆ ಇದನ್ನು ತೆಗೆಯುವುದು ಹೇಗೆ? ಅದಕ್ಕಿಂತ ಮುಖ್ಯವಾಗಿ, ಆ ಬಿಳಿ ಧೂಳನ್ನು ಮಗು ಉಸಿರಾಡಿದರೆ ಏನಾದರೂ ಆಗುತ್ತದೆಯೇ?

ಕೋಟೆ ಬೀದಿ

ದಯವಿಟ್ಟು ಇನ್ನು ಮುಂದೆ ಚಮಚ, ಚಾಕು, ಸ್ಟೀಲ್ ಜುಂಗು ಯಾವುದನ್ನೂ ಆ ಬಿಲ್ಲೆಗೆ ತಾಗಿಸಬೇಡಿ. ಮಂಜು ಹುಟ್ಟುವುದೇ ಆ ಬಿಲ್ಲೆಯಿಂದ. ಅದು ಸೆಕೆಂಡಿಗೆ ಸುಮಾರು 17 ಲಕ್ಷ ಸಲ ಕಂಪಿಸುತ್ತದೆ, ಅದರ ಮೇಲ್ಮೈ ಬಹಳ ತೆಳುವಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ಬಿಟ್ಟರೆ ಸುಣ್ಣ ತಾನಾಗಿಯೇ ಬಿಟ್ಟುಕೊಳ್ಳುತ್ತದೆ.

ನಿವೃತ್ತ ಮೇಷ್ಟ್ರು

ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನು, ಹುಟ್ಟಿದ್ದು ಕೋಲಾರ ಜಿಲ್ಲೆಯ ಬಯಲಿನಲ್ಲಿ. ಆದ್ದರಿಂದ ಈ ಬಿಳಿ ಪದರದ ಜೊತೆ ನನಗೆ ಹಳೆಯ ಪರಿಚಯವಿದೆ. ನಮ್ಮ ಬಚ್ಚಲಿನ ಹಂಡೆಯ ಒಳಮೈಗೆ ಬೆರಳು ದಪ್ಪ ಸುಣ್ಣ ಕಟ್ಟಿರುತ್ತಿತ್ತು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬರುತ್ತಿರಲಿಲ್ಲ. ನಿಮ್ಮ ಯಂತ್ರದಲ್ಲಿ ಕಟ್ಟಿಕೊಂಡಿರುವುದೂ ಬಹುಪಾಲು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್, ಜೊತೆಗೆ ಒಂದಿಷ್ಟು ಮೆಗ್ನೀಸಿಯಂ ಲವಣ.

ನೆಲದಾಳದ ನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಬರುತ್ತದೆ. ನೀರು ಆವಿಯಾದಾಗ ಅಥವಾ ಕಾದಾಗ ಅದೇ ಕಲ್ಲು ಮರಳಿ ಹರಳುಗಟ್ಟುತ್ತದೆ. ವಿನೆಗರ್‌ನಲ್ಲಿ ಸುಮಾರು ಶೇ. 5ರಷ್ಟು ಅಸಿಟಿಕ್ ಆಮ್ಲವಿರುತ್ತದೆ. ಅದು ಈ ಕಾರ್ಬೊನೇಟಿನ ಜೊತೆ ಸೇರಿ, ನೀರಿನಲ್ಲಿ ಸುಲಭವಾಗಿ ಕರಗುವ ಕ್ಯಾಲ್ಸಿಯಂ ಅಸಿಟೇಟ್ ಆಗುತ್ತದೆ, ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಹೊರಬರುತ್ತದೆ. ನೀವು ವಿನೆಗರ್ ಸುರಿದಾಗ ಪದರದ ಮೇಲೆ ಸಣ್ಣ ಗುಳ್ಳೆಗಳ ಸಾಲು ಕಂಡರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ಗುಳ್ಳೆಗಳು ನಿಂತ ಮೇಲೂ ಪದರ ಉಳಿದಿದ್ದರೆ ಹಾಕಿದ ಆಮ್ಲ ಮುಗಿದುಹೋಗಿದೆ ಎಂದು ತಿಳಿದು, ಆ ದ್ರವವನ್ನು ಚೆಲ್ಲಿ ಹೊಸದಾಗಿ ಹಾಕಬೇಕು. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಅದೇ ಹಳೆಯ ವಿನೆಗರನ್ನು ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಏನೂ ಆಗಲಿಲ್ಲವೆಂದು ಕೆರೆಯಲು ಕೂರುತ್ತಾರೆ.

ದೊಡ್ಡಬಳ್ಳಾಪುರ ರಸ್ತೆ

ಮೇಷ್ಟ್ರೇ, ವಿನೆಗರ್ ಯಾಕೆ ಬೇಕು? ನಮ್ಮ ಬೆಂಗಳೂರಿನ ಮನೆಯಲ್ಲಿ ಬೋರ್ ನೀರಿನಿಂದ ಶವರ್, ನಲ್ಲಿ ಎಲ್ಲವೂ ಬೆಳ್ಳಗಾಗುತ್ತವೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಎರಡು ಹನಿ ಹಾಕಿದರೆ ಐದೇ ನಿಮಿಷದಲ್ಲಿ ಫಳಫಳ ಹೊಳೆಯುತ್ತವೆ. ಇದಕ್ಕೂ ಅದನ್ನೇ ಹಾಕಬಹುದಲ್ಲವೇ?

ನಿವೃತ್ತ ಮೇಷ್ಟ್ರು

ಖಂಡಿತ ಹಾಕಬಾರದು. ಅದು ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣವನ್ನು ಬೇಗ ಕರಗಿಸುವುದು ನಿಜ, ಆದರೆ ಬಿಲ್ಲೆಯ ಲೋಹವನ್ನೂ ಸುತ್ತಲಿನ ರಬ್ಬರ್ ಸೀಲನ್ನೂ ತಿನ್ನುತ್ತದೆ. ನಿಮ್ಮ ನಲ್ಲಿಯ ಕ್ರೋಮಿಯಂ ಲೇಪವೂ ಹಾಗೆಯೇ ಹೋಗಿ, ಕೆಲವು ವರ್ಷಗಳಲ್ಲಿ ಒಳಗಿನ ಹಿತ್ತಾಳೆ ಕಾಣಿಸತೊಡಗುತ್ತದೆ. ಇನ್ನೊಂದು ಮಾತಿದೆ. ನಲ್ಲಿಯಲ್ಲಿ ಉಳಿದ ಆಮ್ಲ ನೀರಿನ ಜೊತೆ ಹರಿದುಹೋಗುತ್ತದೆ. ಈ ಯಂತ್ರದೊಳಗೆ ಉಳಿದದ್ದು ಮಂಜಾಗಿ ಮಗುವಿನ ಶ್ವಾಸಕೋಶಕ್ಕೇ ಹೋಗುತ್ತದೆ.

ಮಂಡ್ಯದ ಸೊಸೆ

ಅತ್ತೆಯವರು ಹೇಳಿದ ಹುಣಸೆಹಣ್ಣು ತಪ್ಪೇನಲ್ಲ, ಅದರಲ್ಲೂ ಆಮ್ಲವಿದೆ. ನಾವು ದೇವರ ಹಿತ್ತಾಳೆ ಪಾತ್ರೆಗಳನ್ನು ಇಂದಿಗೂ ಅದರಲ್ಲೇ ಬೆಳಗುತ್ತೇವೆ. ಯಾಕೆ ಯಾರೂ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಿಲ್ಲ?

ಕೋಟೆ ಬೀದಿ

ಹಿತ್ತಾಳೆಯ ಚೊಂಬನ್ನು ಒಳಗೂ ಹೊರಗೂ ಉಜ್ಜಿ ತೊಳೆಯಬಹುದು. ಈ ಯಂತ್ರದ ತಳದಲ್ಲಿ ಬೆರಳು ಹೋಗದ ಸಂದುಗಳಿವೆ. ಹುಣಸೆಯ ತಿರುಳು, ನಾರು, ಸಕ್ಕರೆಯ ಅಂಶ ಆ ಸಂದುಗಳಲ್ಲಿ ಉಳಿದರೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಲು ಅದೇ ಆಹಾರವಾಗುತ್ತದೆ. ಹಿಂಡಿದ ನಿಂಬೆರಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮನೆಯಲ್ಲಿ ವಿನೆಗರ್ ಬೇಡವೆನ್ನುವವರು ಅಡುಗೆಗೆ ಬಳಸುವ ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಮ್ಲದ ಹರಳನ್ನು ಬಳಸಲಿ. ಅದರಲ್ಲಿ ತಿರುಳೂ ಇಲ್ಲ, ವಿನೆಗರ್‌ನ ಘಾಟೂ ಇಲ್ಲ.

ಮಂಡ್ಯದ ಸೊಸೆ

ಸಕ್ಕರೆಯ ವಿಚಾರ ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ನಿಂಬೆ ಉಪ್ಪನ್ನು ಯಾವ ಪ್ರಮಾಣದಲ್ಲಿ ಹಾಕಬೇಕು ಎಂಬುದನ್ನೂ ತಿಳಿಸಿ.

ಕೋಟೆ ಬೀದಿ

ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದರಿಂದ ಎರಡು ದೊಡ್ಡ ಚಮಚ ಸಾಕು. ಬೇಗ ಆಗಲೆಂದು ಕುದಿಯುವ ನೀರು ಹಾಕಬೇಡಿ. ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಬಿಸಿ ಹೆಚ್ಚಾದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿ ತಳಕ್ಕೆ ಕೂರುತ್ತದೆ.

ಕ್ಯಾಲ್ಗರಿ ಕನ್ನಡಿಗ

ನಾನು ಕಳೆದ ವಾರ ವಿನೆಗರನ್ನು ನೀರಿನ ಜೊತೆ ಬೆರೆಸಿ ಟ್ಯಾಂಕಿಗೆ ತುಂಬಿ, ಯಂತ್ರವನ್ನು ಒಂದು ಗಂಟೆ ಓಡಿಸಿದೆ. ಎಲ್ಲ ಭಾಗಗಳೂ ಒಮ್ಮೆಲೇ ಶುದ್ಧವಾದವು.

ಶುಶ್ರೂಷಕಿ, ಮಿನಿಯಾಪೊಲಿಸ್

ಕ್ಯಾಲ್ಗರಿಯವರೇ, ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಈ ಯಂತ್ರ ನೀರನ್ನು ಆವಿ ಮಾಡುವುದಿಲ್ಲ, ನೀರನ್ನೇ ಒಡೆದು ಅತಿ ಸಣ್ಣ ಹನಿಗಳಾಗಿ ಎಸೆಯುತ್ತದೆ. ನೀರಿನಲ್ಲಿ ಏನು ಬೆರೆಸಿದರೂ ಅದು ಹನಿಯ ಜೊತೆ ಗಾಳಿಗೆ ಬಂದು ಎದೆಯ ಆಳಕ್ಕೆ ಇಳಿಯುತ್ತದೆ. ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು, ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತನಾಡುತ್ತೇನೆ.

ದಕ್ಷಿಣ ಕೊರಿಯಾದಲ್ಲಿ ನಡೆದದ್ದನ್ನು ಹ್ಯೂಮಿಡಿಫೈಯರ್ ಇರುವ ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಅಲ್ಲಿ 1994ರಿಂದ ಹ್ಯೂಮಿಡಿಫೈಯರ್ ನೀರಿಗೆ ಬೆರೆಸುವ ಕ್ರಿಮಿನಾಶಕ ದ್ರವಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಯಂತ್ರ ಸ್ವಚ್ಛವಾಗಿರಲೆಂದೇ ತಾಯಂದಿರು ಅದನ್ನು ಹಾಕುತ್ತಿದ್ದರು. ಗರ್ಭಿಣಿಯರಿಗೆ, ಮಕ್ಕಳಿಗೆ ಕಾರಣ ತಿಳಿಯದ ತೀವ್ರ ಶ್ವಾಸಕೋಶದ ಕಾಯಿಲೆ ಬರುತ್ತಿದ್ದದ್ದು ಈ ದ್ರವದಿಂದಲೇ ಎಂಬುದು 2011ರಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಬಹಳ ಜನ ಸತ್ತಿದ್ದರು. ಮೇಜಿನ ಮೇಲೆ ಒರೆಸಿದರೆ ಅಪಾಯವಿಲ್ಲದ ರಾಸಾಯನಿಕವೇ ಉಸಿರಿನಲ್ಲಿ ಒಳಹೋದಾಗ ವಿಷವಾಯಿತು. ಹಾಗಾಗಿ ಶುದ್ಧಗೊಳಿಸುವ ದ್ರವ ಯಾವುದೇ ಇರಲಿ, ಯಂತ್ರದ ಪ್ಲಗ್ ಕಿತ್ತ ಮೇಲೆ ಹಾಕಿ, ಚೆಲ್ಲಿ, ಎರಡು ಮೂರು ಸಲ ಜಾಲಿಸಿದ ನಂತರವೇ ಮತ್ತೆ ಹಚ್ಚಬೇಕು.

ತುಂಗಾತೀರ ಅವರ ಧೂಳಿನ ಪ್ರಶ್ನೆಗೆ ಉತ್ತರ ಹೀಗಿದೆ. ಆ ಧೂಳು ನಿಮ್ಮ ನೀರಿನಲ್ಲಿದ್ದ ಲವಣವೇ. ಆರೋಗ್ಯವಂತ ದೊಡ್ಡವರಿಗೆ ಅದರಿಂದ ಗಂಭೀರ ಹಾನಿಯಾಗುತ್ತದೆ ಎಂದು ಖಚಿತವಾಗಿ ಸಾಬೀತಾಗಿಲ್ಲ. ಆದರೆ ಹಸುಗೂಸೊಂದಕ್ಕೆ ಇಂಥ ಧೂಳಿನಿಂದ ಶ್ವಾಸಕೋಶದ ತೊಂದರೆಯಾದ ಪ್ರಕರಣ 2011ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅಸ್ತಮಾ ಇರುವವರಿಗೂ ಸೂಕ್ಷ್ಮ ಕಣಗಳು ಒಳ್ಳೆಯದಲ್ಲ. ಹೆದರಬೇಡಿ, ಆದರೆ ಇಂದೇ ಲವಣ ಕಡಿಮೆ ಇರುವ ನೀರಿಗೆ ಬದಲಾಯಿಸಿ.

ಕ್ಯಾಲ್ಗರಿ ಕನ್ನಡಿಗ

ಕೊರಿಯಾದ ವಿಷಯ ಓದಿ ಮೈ ಜುಮ್ಮೆಂದಿತು. ನಾನು ಮಾಡಿದ್ದು ತಪ್ಪು, ಇನ್ನು ಹಾಗೆ ಮಾಡುವುದಿಲ್ಲ.

ದೊಡ್ಡಬಳ್ಳಾಪುರ ರಸ್ತೆ

ಹಾಗಾದರೆ ವಿನೆಗರ್ ಹಾಕಿದಾಗಲೇ ಒಂದಿಷ್ಟು ಬ್ಲೀಚನ್ನೂ ಸೇರಿಸಿದರೆ ಸುಣ್ಣವೂ ಹೋಗುತ್ತದೆ, ಕ್ರಿಮಿಗಳೂ ಸಾಯುತ್ತವೆ. ಎರಡು ಸಲ ಯಾಕೆ ತೊಳೆಯಬೇಕು?

ನಿವೃತ್ತ ಮೇಷ್ಟ್ರು

ಸ್ವಾಮಿ, ಇದನ್ನು ಓದುವ ಯಾರೂ ಎಂದಿಗೂ ಹಾಗೆ ಮಾಡಬಾರದು. ಬ್ಲೀಚಿಗೆ ಯಾವ ಆಮ್ಲ ಸೇರಿದರೂ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಮೊದಲ ದಿನ ವಿನೆಗರ್, ಮರುದಿನ ಬ್ಲೀಚ್ ಎನ್ನುವುದಾದರೂ ನಡುವೆ ಚೆನ್ನಾಗಿ ನೀರಿನಲ್ಲಿ ಜಾಲಿಸಿರಬೇಕು.

ಶುಶ್ರೂಷಕಿ, ಮಿನಿಯಾಪೊಲಿಸ್

ಮೇಷ್ಟ್ರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಸುಣ್ಣ ತೆಗೆಯುವ ಕೆಲಸವೇ ಬೇರೆ, ಲೋಳೆಯನ್ನೂ ಕ್ರಿಮಿಗಳನ್ನೂ ತೆಗೆಯುವ ಕೆಲಸವೇ ಬೇರೆ. ವಿನೆಗರ್ ಸುಣ್ಣಕ್ಕೆ ಬಹಳ ಒಳ್ಳೆಯದು, ಆದರೆ ಅದನ್ನು ನಂಬಬಹುದಾದ ಕ್ರಿಮಿನಾಶಕವೆಂದು ಎಣಿಸಬಾರದು. ಔಷಧಿ ಅಂಗಡಿಯಲ್ಲಿ ಸಿಗುವ ಶೇ. 3ರ ಹೈಡ್ರೋಜನ್ ಪೆರಾಕ್ಸೈಡನ್ನು ವಿನೆಗರ್ ಪೂರ್ತಿ ತೊಳೆದುಹೋದ ಮೇಲೆ ಬೇರೆಯಾಗಿ ಬಳಸಿ, ಮತ್ತೆ ಜಾಲಿಸಿ. ಇದನ್ನೂ ವಿನೆಗರ್ ಜೊತೆ ಬೆರೆಸಬಾರದು. ಸುಣ್ಣ ಇದ್ದಾಗ ಕ್ರಿಮಿಗಳು ಅದರ ಒರಟು ಮೈಯಲ್ಲಿ ಅಡಗುತ್ತವೆ, ಹಾಗಾಗಿ ಮೊದಲು ಸುಣ್ಣ, ಆಮೇಲೆ ಕ್ರಿಮಿ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವುದೂ ಸರಳವಾಗಿದೆ. ಉಳಿದ ನೀರನ್ನು ದಿನವೂ ಚೆಲ್ಲಿ, ಒರೆಸಿ, ಹೊಸ ನೀರು ತುಂಬಬೇಕು. ಮೂರು ದಿನಕ್ಕೊಮ್ಮೆ ಪೂರ್ತಿ ತೊಳೆಯಬೇಕು. ಮನೆಯ ತೇವಾಂಶ ಶೇ. 30ರಿಂದ 50ರ ನಡುವೆ ಇರಬೇಕು.

ಟೊರೊಂಟೊ ವಾಸಿ

ಎಲ್ಲರೂ ತೊಳೆಯುವುದರ ಬಗ್ಗೆಯೇ ಹೇಳುತ್ತಿದ್ದೀರಿ, ಆದರೆ ನನ್ನ ಅಭಿಪ್ರಾಯದಲ್ಲಿ ತಪ್ಪು ಇರುವುದು ಯಂತ್ರದ ಆಯ್ಕೆಯಲ್ಲಿ. ನಾನು ಎಂಟು ಚಳಿಗಾಲದಿಂದ ಒದ್ದೆ ಬತ್ತಿಯ ಮೂಲಕ ಫ್ಯಾನ್ ಗಾಳಿ ಹಾಯಿಸುವ ಯಂತ್ರವನ್ನು ಬಳಸುತ್ತಿದ್ದೇನೆ. ಅದರಲ್ಲಿ ನೀರು ನಿಜವಾಗಿಯೂ ಆವಿಯಾಗಿಯೇ ಹೋಗುವುದರಿಂದ ಸುಣ್ಣವೆಲ್ಲ ಬತ್ತಿಯಲ್ಲೇ ಉಳಿಯುತ್ತದೆ, ನಮ್ಮ ಮನೆಯ ಟಿವಿಯ ಮೇಲೆ ಬಿಳಿ ಧೂಳು ಒಮ್ಮೆಯೂ ಕೂತಿಲ್ಲ.

ಕೋಟೆ ಬೀದಿ

ಆದರೆ ಆ ಬತ್ತಿಯನ್ನು ನೀವು ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತೀರಿ ಎಂಬುದನ್ನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಅಂಥ ಯಂತ್ರದ ಬತ್ತಿ ಐದು ವಾರಗಳಲ್ಲಿ ಹಪ್ಪಳದಂತೆ ಗಟ್ಟಿಯಾಗಿ, ನೀರನ್ನು ಮೇಲಕ್ಕೆ ಹೀರುವುದನ್ನೇ ನಿಲ್ಲಿಸಿತು.

ಟೊರೊಂಟೊ ವಾಸಿ

ಎರಡು ತಿಂಗಳಿಗೊಮ್ಮೆ ಬದಲಾಯಿಸುತ್ತೇನೆ. ನಡುವೆ ಎರಡು ಸಲ ವಿನೆಗರ್ ನೀರಿನಲ್ಲಿ ನೆನೆಸಿ, ಹಿಂಡದೆ ಹಾಗೆಯೇ ಜಾಲಿಸುತ್ತೇನೆ. ಹಿಂಡಿದರೆ ಅದರ ಪದರಗಳು ಹರಿಯುತ್ತವೆ. ಖರ್ಚಿದೆ ಎಂಬುದನ್ನು ಅಲ್ಲಗಳೆಯುವುದಿಲ್ಲ, ಆದರೆ ಆ ಸುಣ್ಣ ಮಗುವಿನ ಮೂಗಿಗೆ ಹೋಗುವ ಬದಲು ಬತ್ತಿಗೆ ಹೋಗುತ್ತಿದೆ.

ಮಂಡ್ಯದ ಸೊಸೆ

ಬಿಸಿ ಹಬೆ ಬಿಡುವ ಯಂತ್ರ ಇನ್ನೂ ಒಳ್ಳೆಯದಲ್ಲವೇ? ನೀರು ಕುದಿಯುವುದರಿಂದ ಕ್ರಿಮಿಯೂ ಇರುವುದಿಲ್ಲ.

ಶುಶ್ರೂಷಕಿ, ಮಿನಿಯಾಪೊಲಿಸ್

ಕ್ರಿಮಿಯ ವಿಷಯದಲ್ಲಿ ನಿಮ್ಮ ಮಾತು ಸರಿ. ಅದರ ಸುಣ್ಣವೂ ಕಾಯಿಸುವ ಕಾಯಿಲ್ ಮೇಲೆಯೇ ಗೀಸರ್‌ನಲ್ಲಿ ಕಟ್ಟುವಂತೆ ಕಟ್ಟುತ್ತದೆ, ಗಾಳಿಗೆ ಬರುವುದಿಲ್ಲ. ಆದರೆ ಓಡಾಡುವ ಮಗುವಿರುವ ಕೋಣೆಯಲ್ಲಿ ಕುದಿಯುವ ನೀರಿನ ಪಾತ್ರೆ ಇಡಬಾರದು. ಎಳೆದು ಮೈಮೇಲೆ ಕೆಡವಿಕೊಂಡ ಮಕ್ಕಳಿಗೆ ನಾನು ಪಟ್ಟಿ ಕಟ್ಟಿದ್ದೇನೆ. ಮಕ್ಕಳ ಕೋಣೆಗೆ ತಣ್ಣನೆಯ ಮಂಜಿನ ಯಂತ್ರವೇ ಇರಲಿ.

ತುಂಗಾತೀರ

ಎಲ್ಲರಿಗೂ ವಂದನೆಗಳು. ಅಷ್ಟರಲ್ಲಿ ನನಗೊಂದು ಅನುಮಾನ. ನಮ್ಮ ಮನೆಗೆ ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟನರ್ ಇದೆ. ಅಂದಮೇಲೆ ನೀರು ಮೆದುವಾಗಿಯೇ ಬರಬೇಕಲ್ಲವೇ? ಹಾಗಿದ್ದೂ ಸುಣ್ಣ ಕಟ್ಟಿದ್ದು ಹೇಗೆ?

ಮೀಟರ್ ಹಿಡಿದವನು

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ನಾನೂ ಇದೇ ಪ್ರಶ್ನೆಯ ಹಿಂದೆ ಬಿದ್ದು, ನೀರಿನಲ್ಲಿ ಕರಗಿರುವ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಕೊಂಡವನು. ನಾನಿರುವುದು ಇಂಡಿಯಾನಾದಲ್ಲಿ, ಬಾವಿ ನೀರಿನ ಮನೆ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ನನ್ನ ಮೀಟರ್ ತೋರಿಸಿದ್ದು ಹೀಗೆ. ನೇರ ಬಾವಿ ನೀರಿಗೆ 430, ಸಾಫ್ಟನರ್ ದಾಟಿದ ನೀರಿಗೆ 440, ಅಡುಗೆಮನೆಯ ಆರ್‌ಒ ನೀರಿಗೆ 32, ಅಂಗಡಿಯಿಂದ ತಂದ ಡಿಸ್ಟಿಲ್ಡ್ ನೀರಿಗೆ 1. ಸಾಫ್ಟನರ್ ಹಾಕಿದ ಮೇಲೂ ಲವಣ ಕಡಿಮೆಯಾಗಲೇ ಇಲ್ಲ ಎಂಬುದನ್ನು ಗಮನಿಸಿ. ಅದು ಕ್ಯಾಲ್ಸಿಯಂ ತೆಗೆದುಕೊಂಡು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ, ಅಷ್ಟೇ. ಗೀಸರ್‌ಗೆ, ಬಟ್ಟೆ ಒಗೆಯುವ ಯಂತ್ರಕ್ಕೆ ಅದರಿಂದ ಬಹಳ ಉಪಕಾರವಿದೆ, ಏಕೆಂದರೆ ಸೋಡಿಯಂ ಲವಣ ಗಟ್ಟಿಯಾಗಿ ಅಂಟುವುದಿಲ್ಲ. ಆದರೆ ಅಲ್ಟ್ರಾಸಾನಿಕ್ ಯಂತ್ರದಿಂದ ಧೂಳು ಅಷ್ಟೇ ಬರುತ್ತದೆ.

ನಿಮ್ಮಲ್ಲಿ ಗಟ್ಟಿ ಪದರವೇ ಕಟ್ಟಿದೆ ಎಂದರೆ, ನೀವು ತುಂಬುತ್ತಿರುವ ನಲ್ಲಿಗೆ ಸಾಫ್ಟನರ್ ಸಂಪರ್ಕ ಇಲ್ಲದಿರಬಹುದು. ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ತಣ್ಣೀರಿನ ನಲ್ಲಿಯನ್ನು ಬೇಕೆಂದೇ ಬಿಟ್ಟಿರುತ್ತಾರೆ. ಇಲ್ಲವೇ ಸಾಫ್ಟನರ್‌ನ ಉಪ್ಪು ಮುಗಿದಿರಬೇಕು.

ಇನ್ನೊಂದು ಲೆಕ್ಕ ಹೇಳುತ್ತೇನೆ. ಲೀಟರಿಗೆ 400 ಮಿಲಿಗ್ರಾಂ ಲವಣವಿರುವ ನೀರನ್ನು ರಾತ್ರಿಗೆ ನಾಲ್ಕು ಲೀಟರಿನಂತೆ 100 ರಾತ್ರಿ ಸುರಿದರೆ 160 ಗ್ರಾಂ ಕಲ್ಲಿನ ಪುಡಿಯಾಗುತ್ತದೆ. ಅದರಲ್ಲಿ ಸ್ವಲ್ಪ ತಳದಲ್ಲಿ ಕಟ್ಟುತ್ತದೆ, ಹೆಚ್ಚಿನದು ಕೋಣೆಯ ಗಾಳಿಗೇ ಹೋಗುತ್ತದೆ. ಈ ಲೆಕ್ಕ ಹಾಕಿದ ದಿನ ನಾನು ನಲ್ಲಿ ನೀರು ತುಂಬುವುದನ್ನು ನಿಲ್ಲಿಸಿದೆ.

ತುಂಗಾತೀರ

ಈಗಲೇ ಹೋಗಿ ನೋಡಿದೆ. ನಾನು ತುಂಬುತ್ತಿದ್ದದ್ದು ಅಡುಗೆಮನೆಯ ತಣ್ಣೀರಿನ ನಲ್ಲಿಯಿಂದಲೇ. ಅದರ ಕೊಳವೆ ಸಾಫ್ಟನರ್‌ಗೆ ಮೊದಲೇ ಕವಲೊಡೆದಿದೆ. 160 ಗ್ರಾಂ ಎಂದು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ದೊಡ್ಡಬಳ್ಳಾಪುರ ರಸ್ತೆ

ನೀರನ್ನು ಕುದಿಸಿ ಆರಿಸಿ ತುಂಬಿದರೆ ಸಾಲದೇ? ಕುದಿಸಿದಾಗ ಸುಣ್ಣ ಪಾತ್ರೆಯ ತಳದಲ್ಲೇ ನಿಲ್ಲುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ.

ನಿವೃತ್ತ ಮೇಷ್ಟ್ರು

ನೀವು ಕಂಡದ್ದು ನಿಜ, ಆದರೆ ಅರ್ಧ ನಿಜ. ಗಡಸುತನದಲ್ಲಿ ತಾತ್ಕಾಲಿಕ, ಶಾಶ್ವತ ಎಂಬ ಎರಡು ಬಗೆಗಳಿವೆ ಎಂದು ಹೈಸ್ಕೂಲಿನಲ್ಲಿ ಓದಿದ್ದು ನೆನಪಿರಬಹುದು. ಬೈಕಾರ್ಬೊನೇಟಿನಿಂದ ಬಂದ ಗಡಸುತನ ಕುದಿಸಿದಾಗ ಹೋಗುತ್ತದೆ. ಸಲ್ಫೇಟ್, ಕ್ಲೋರೈಡುಗಳಿಂದ ಬಂದದ್ದು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಇನ್ನಷ್ಟು ಸಾಂದ್ರವಾಗುತ್ತದೆ. ದಿನಕ್ಕೆ ನಾಲ್ಕು ಲೀಟರ್ ಕುದಿಸಿಯೂ ಧೂಳು ಪೂರ್ತಿ ನಿಲ್ಲುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿ

ಬೆಂಗಳೂರಿನಲ್ಲಿ ಡಿಸ್ಟಿಲ್ಡ್ ನೀರು ಬ್ಯಾಟರಿ ಅಂಗಡಿಯಲ್ಲಿ ಬಿಟ್ಟರೆ ಸುಲಭವಾಗಿ ಸಿಗುವುದಿಲ್ಲ. ನಾನು ಎಸಿ ಕೋಣೆಯಲ್ಲಿ ಸಣ್ಣ ಹ್ಯೂಮಿಡಿಫೈಯರ್ ಇಟ್ಟಿದ್ದೇನೆ. ಎಸಿಯಿಂದ ತೊಟ್ಟಿಕ್ಕುವ ನೀರು ಡಿಸ್ಟಿಲ್ಡ್ ನೀರೇ ಎನ್ನುತ್ತಾರಲ್ಲ, ಅದನ್ನೇ ಹಿಡಿದು ತುಂಬಬಹುದೇ?

ಮೀಟರ್ ಹಿಡಿದವನು

ಮೀಟರ್ ಹಿಡಿದರೆ ಅದು ಚೆನ್ನಾಗಿಯೇ ಕಾಣುತ್ತದೆ, ಲವಣ ಬಹಳ ಕಡಿಮೆ ಇರುತ್ತದೆ. ಆದರೆ ಟಿಡಿಎಸ್ ಮೀಟರ್ ಕ್ರಿಮಿಗಳನ್ನು ಎಣಿಸುವುದಿಲ್ಲ. ಆ ನೀರು ಧೂಳು ಹಿಡಿದ ಕಾಯಿಲ್ ಮೇಲಿಂದ ಇಳಿದು, ಲೋಳೆ ಕಟ್ಟಿದ ತಟ್ಟೆಯಲ್ಲಿ ನಿಂತು ಬರುತ್ತದೆ. ಗಿಡಕ್ಕೆ ಹಾಕಿ, ನೆಲ ಒರೆಸಿ, ಆದರೆ ಮಂಜು ಮಾಡಿ ಉಸಿರಾಡಬೇಡಿ. ನಿಮ್ಮ ಮನೆಯ ಆರ್‌ಒ ನೀರು ಇದಕ್ಕೆ ಸಾಕು.

ನಿವೃತ್ತ ಮೇಷ್ಟ್ರು

ಆರ್‌ಒ ನೀರಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಮಾರುವ ಅನೇಕ ಯಂತ್ರಗಳು ರುಚಿಗಾಗಿ ಕೊನೆಯಲ್ಲಿ ಮತ್ತೆ ಲವಣವನ್ನು ಬೆರೆಸುತ್ತವೆ. ಕುಡಿಯಲು ಅದು ಸರಿ, ಆದರೆ ಈ ಕೆಲಸಕ್ಕೆ ಅಂಥ ನೀರು ಅಷ್ಟು ಪ್ರಯೋಜನವಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೂ ಒಪ್ಪಿಗೆಯಿದೆ. ಕುಡಿಯಲು ಯೋಗ್ಯವಾದ ನೀರು ಹ್ಯೂಮಿಡಿಫೈಯರ್‌ಗೂ ಯೋಗ್ಯ ಎಂದು ತಿಳಿಯುವುದೇ ಎಲ್ಲರೂ ಮಾಡುವ ತಪ್ಪು.

ಬೆಳಗಾವಿ ಮೂಲ

ನನಗೆ ಈ ಇಡೀ ಚರ್ಚೆಯೇ ಅನಗತ್ಯ ಎನಿಸುತ್ತದೆ. ಒಗೆದ ಬಟ್ಟೆಯನ್ನು ಡ್ರೈಯರ್‌ಗೆ ಹಾಕದೆ ಕೋಣೆಯಲ್ಲೇ ಹರವಿದರೆ ಗಾಳಿಗೆ ತೇವ ಸಿಗುತ್ತದೆ. ನಮ್ಮ ಹಿರಿಯರು ಯಾವ ಯಂತ್ರವನ್ನೂ ಇಟ್ಟುಕೊಂಡಿರಲಿಲ್ಲ.

ಕ್ಯಾಲ್ಗರಿ ಕನ್ನಡಿಗ

ನಮ್ಮ ಹಿರಿಯರು ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲಿ, ಕಿಟಕಿಗಳನ್ನೆಲ್ಲ ಬಿಗಿದು ಹೀಟರ್ ಹಾಕಿದ ಮನೆಯಲ್ಲಿ ಇರಲಿಲ್ಲ. ಅಂಥ ತಣ್ಣನೆಯ ಗಾಳಿ ಒಂದು ಘನ ಮೀಟರಿಗೆ ಒಂದೂವರೆ ಗ್ರಾಂ ಆಸುಪಾಸಿನ ಆವಿಯನ್ನಷ್ಟೇ ಹಿಡಿದಿಡಬಲ್ಲದು. ಅದನ್ನು ಒಳಗೆ ತಂದು 21 ಡಿಗ್ರಿಗೆ ಕಾಯಿಸಿದರೆ, 18 ಗ್ರಾಂ ಹಿಡಿಯಬಲ್ಲ ಗಾಳಿಯಲ್ಲಿ ಒಂದೂವರೆ ಗ್ರಾಂ ಮಾತ್ರ ಇರುತ್ತದೆ. ಅಂದರೆ ತೇವಾಂಶ ಶೇ. 10ಕ್ಕಿಂತ ಕಡಿಮೆ. ಹಲಗೆಯ ನೆಲ ಬಿರುಕು ಬಿಡುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಕಿಡಿ ಹಾರುತ್ತದೆ, ಮಕ್ಕಳ ಮೂಗಿನಲ್ಲಿ ರಕ್ತ ಬರುತ್ತದೆ.

ಟೊರೊಂಟೊ ವಾಸಿ

ಆದರೂ ಬೆಳಗಾವಿಯವರ ಮಾತನ್ನು ತಳ್ಳಿಹಾಕಬೇಡಿ. ಒಂದು ಸಲದ ಒಗೆದ ಬಟ್ಟೆಯಿಂದ ಒಂದೆರಡು ಲೀಟರ್ ನೀರು ಆರುತ್ತದೆ, ಅದರ ಲವಣ ಬಟ್ಟೆಯಲ್ಲೇ ಉಳಿಯುತ್ತದೆ. ಇಡೀ ಮನೆಗೆ ಸಾಲದು, ಆದರೆ ಮಗುವಿನ ಕೋಣೆಗೆ ಯಂತ್ರ ಕೆಟ್ಟ ರಾತ್ರಿ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಬೆಳಗಾವಿ ಮೂಲ

ಅಷ್ಟನ್ನು ಒಪ್ಪಿದರೆ ಸಾಕು. ಶೇ. 10 ಎಂಬುದು ನನಗೆ ಗೊತ್ತಿರಲಿಲ್ಲ.

ತುಂಗಾತೀರ

ನಿನ್ನೆ ಭಾನುವಾರ ಬೆಳಿಗ್ಗೆ ಈ ಕೆಲಸಕ್ಕೆ ಕೂತೆ. ಇಲ್ಲಿ ಸಲಹೆ ಕೊಟ್ಟವರಿಗೆಲ್ಲ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಮೊದಲು ಪ್ಲಗ್ ಕಿತ್ತು, ಟ್ಯಾಂಕ್ ತೆಗೆದಿಟ್ಟು, ಹಳೆಯ ನೀರನ್ನು ಗಾಳಿ ಹೊರಬರುವ ಕಿಂಡಿಗೆ ತಾಗದಂತೆ ಎದುರಿನ ಬದಿಯಿಂದ ಚೆಲ್ಲಿದೆ. ಬಿಲ್ಲೆ ಮುಳುಗುವಷ್ಟು ವಿನೆಗರನ್ನು ನೀರು ಬೆರೆಸದೆಯೇ ಸುರಿದೆ. ಮೇಷ್ಟ್ರು ಹೇಳಿದಂತೆ ಕೂಡಲೇ ಗುಳ್ಳೆಗಳು ಏಳತೊಡಗಿದವು. ಕಿವಿ ಹತ್ತಿರ ತಂದರೆ ಸೋಡಾದಂತೆ ಸಣ್ಣಗೆ ಸುಸ್ ಎನ್ನುವ ಸದ್ದು ಕೇಳುತ್ತಿತ್ತು. ಮಗನೂ ಅತ್ತೆಯವರೂ ಪಕ್ಕದಲ್ಲೇ ಕೂತು ನೋಡಿದರು. ಇಪ್ಪತ್ತು ನಿಮಿಷಕ್ಕೆ ಗುಳ್ಳೆಗಳು ನಿಂತವು, ಪದರ ಅರ್ಧ ತೆಳುವಾಗಿತ್ತು. ಅದನ್ನು ಚೆಲ್ಲಿ ಹೊಸ ವಿನೆಗರ್ ಹಾಕಿದೆ, ಮತ್ತೆ ಗುಳ್ಳೆಗಳು ಬಂದವು. ಎರಡನೆಯ ಸಲ ಉಂಗುರದ ಅಂಚು ತಾನಾಗಿಯೇ ಮೇಲೆದ್ದಿತು. ಬೆರಳಿನಿಂದ ಮೆಲ್ಲನೆ ತಳ್ಳಿದಾಗ ಮೊಟ್ಟೆಯ ಚಿಪ್ಪಿನಂತೆ ಒಂದೇ ತುಂಡಾಗಿ ಕಳಚಿ ಬಂತು. ಸಂದುಗಳಿಗೆ ಮಗನ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಬಿಲ್ಲೆಗೆ ಹತ್ತಿಯ ಕಡ್ಡಿ ಬಳಸಿದೆ. ನೀರಿನ ಮಟ್ಟ ತೋರುವ ಸಣ್ಣ ತೇಲುಬೆಂಡು ಸುಣ್ಣದಲ್ಲಿ ಸಿಕ್ಕಿಕೊಂಡಿತ್ತು, ಅದೂ ಈಗ ಸರಾಗವಾಗಿ ಏರಿಳಿಯುತ್ತಿದೆ.

ಆದರೆ ಒಂದು ಬದಿಯಲ್ಲಿ ಕಂದು ಬಣ್ಣದ ತೆಳು ಕಲೆಯೊಂದು ಉಳಿದಿದೆ. ಮೂರನೆಯ ಸಲ ವಿನೆಗರ್ ಹಾಕಿದರೂ ಅಲ್ಲಿ ಗುಳ್ಳೆಯೇ ಏಳಲಿಲ್ಲ. ಅದನ್ನು ಏನು ಮಾಡಲಿ?

ನಿವೃತ್ತ ಮೇಷ್ಟ್ರು

ಗುಳ್ಳೆ ಬರಲಿಲ್ಲ ಎಂದರೆ ಅದು ಕಾರ್ಬೊನೇಟ್ ಅಲ್ಲ. ಸಿಲಿಕಾ, ಇಲ್ಲವೇ ಕ್ಯಾಲ್ಸಿಯಂ ಸಲ್ಫೇಟ್ ಆಗಿರಬಹುದು, ಕಂದು ಬಣ್ಣ ಕಬ್ಬಿಣದಿಂದ ಬಂದಿರಬಹುದು. ಸಿಲಿಕಾಕ್ಕೂ ಸಲ್ಫೇಟಿಗೂ ವಿನೆಗರ್ ನಾಟುವುದಿಲ್ಲ. ಕಬ್ಬಿಣದ ಕಲೆಯಾದರೆ ನಿಂಬೆ ಉಪ್ಪಿನ ನೀರಿಗೆ ಸ್ವಲ್ಪ ಮಟ್ಟಿಗೆ ಬಿಡುತ್ತದೆ, ಒಮ್ಮೆ ಪ್ರಯತ್ನಿಸಿ. ಅದಕ್ಕೂ ಬಿಡದಿದ್ದರೆ, ಕಲೆ ಬಿಲ್ಲೆಯ ಮೇಲೆ ಇಲ್ಲದಿದ್ದರೆ, ಹಾಗೆಯೇ ಬಿಟ್ಟುಬಿಡಿ. ಅದನ್ನು ತೆಗೆಯುವ ಹಟದಲ್ಲಿ ಪ್ಲಾಸ್ಟಿಕ್ಕನ್ನು ಕೆರೆದರೆ, ಮುಂದಿನ ಸುಣ್ಣ ಆ ಗೀರುಗಳಲ್ಲೇ ಮೊದಲು ಹಿಡಿಯುತ್ತದೆ.

ಕೋಟೆ ಬೀದಿ

ಬಿಲ್ಲೆಯ ಮೇಲಿನ ಆ ಗೀರಿನಿಂದ ಏನಾದರೂ ತೊಂದರೆಯಾಯಿತೇ?

ತುಂಗಾತೀರ

ದೇವರ ದಯೆ, ಮಂಜು ಮೊದಲಿನಂತೆಯೇ ದಟ್ಟವಾಗಿ ಬರುತ್ತಿದೆ. ಕಂದು ಕಲೆ ನಿಂಬೆ ಉಪ್ಪಿಗೆ ಅರ್ಧ ಬಿಟ್ಟಿದೆ, ಉಳಿದದ್ದನ್ನು ಮೇಷ್ಟ್ರ ಮಾತಿನಂತೆ ಬಿಟ್ಟಿದ್ದೇನೆ.

ಮಂಡ್ಯದ ಸೊಸೆ

ನೀರಿನ ವಿಷಯದಲ್ಲಿ ಕೊನೆಗೆ ಏನು ತೀರ್ಮಾನಿಸಿದಿರಿ? ದಿನಕ್ಕೆ ನಾಲ್ಕು ಲೀಟರ್ ಡಿಸ್ಟಿಲ್ಡ್ ನೀರು ಕೊಳ್ಳುವುದು ಎಲ್ಲರಿಗೂ ಆಗುವ ಮಾತಲ್ಲ.

ತುಂಗಾತೀರ

ನಮಗೂ ಆಗುವುದಿಲ್ಲ. ರಾತ್ರಿಗೆ ಒಂದು ಗ್ಯಾಲನ್, ಅಂದರೆ 3.8 ಲೀಟರಿನ ಕ್ಯಾನ್, ಬೇಕಾಗುತ್ತದೆ. ಮಗನ ಕೋಣೆಗೆ ಮಾತ್ರ ಡಿಸ್ಟಿಲ್ಡ್ ನೀರು ತರುತ್ತಿದ್ದೇವೆ. ಬಾಗಿಲು ಮುಚ್ಚಿ, ಗೋಡೆಗೆ ತೇವಾಂಶದ ಮೀಟರ್ ಹಾಕಿ, ಶೇ. 40 ಮುಟ್ಟಿದ ಕೂಡಲೇ ಯಂತ್ರ ನಿಲ್ಲುವಂತೆ ಇಟ್ಟ ಮೇಲೆ ಒಂದು ಕ್ಯಾನ್ ಎರಡು ರಾತ್ರಿಗೆ ಬರುತ್ತಿದೆ. ಮೊದಲು ಮೀಟರ್ ಇಲ್ಲದೆ ಓಡಿಸುತ್ತಿದ್ದಾಗ ಕಿಟಕಿಯ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಅದು ಅತಿಯಾದ ತೇವ ಎಂಬುದು ಈಗ ತಿಳಿಯಿತು. ನಡುಮನೆಗೆ ಟೊರೊಂಟೊದವರು ಹೇಳಿದ ಬತ್ತಿಯ ಯಂತ್ರ ತರುತ್ತೇವೆ, ಅದಕ್ಕೆ ಸಾಫ್ಟನರ್ ದಾಟಿದ ನೀರು ಸಾಕಲ್ಲವೇ?

ಟೊರೊಂಟೊ ವಾಸಿ

ಸಾಕು. ಸೋಡಿಯಂ ಲವಣವೂ ಬತ್ತಿಯಲ್ಲೇ ಉಳಿಯುತ್ತದೆ, ಜಾಲಿಸಿದರೆ ಹೋಗುತ್ತದೆ. ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ. ಮೇಲೆ ಮೇಲೆ ತುಂಬುತ್ತಾ ಹೋದರೆ ಉಳಿದ ನೀರು ದಿನದಿಂದ ದಿನಕ್ಕೆ ಉಪ್ಪಾಗುತ್ತದೆ.

ಎಲೆಕ್ಟ್ರಾನಿಕ್ ಸಿಟಿ

ಬೇಸಿಗೆಯಲ್ಲಿ ಎತ್ತಿಡುವಾಗ ಏನು ಮಾಡಬೇಕು ಎಂಬುದನ್ನು ಯಾರಾದರೂ ಹೇಳುವಿರಾ?

ಶುಶ್ರೂಷಕಿ, ಮಿನಿಯಾಪೊಲಿಸ್

ಸುಣ್ಣ ತೆಗೆದು, ಜಾಲಿಸಿ, ಎಲ್ಲ ಭಾಗಗಳನ್ನೂ ಬಿಡಿಸಿ ಒಂದಿಡೀ ದಿನ ಗಾಳಿಗೆ ಒಣಗಿಸಿ. ಬಳಸಿದ ಬತ್ತಿ, ಫಿಲ್ಟರುಗಳನ್ನು ಎಸೆದುಬಿಡಿ, ಮುಂದಿನ ವರ್ಷಕ್ಕೆಂದು ಕಾದಿರಿಸಬೇಡಿ. ಟ್ಯಾಂಕಿನ ಮುಚ್ಚಳವನ್ನು ಬಿಗಿಯದೆ ಸಡಿಲವಾಗಿ ಇಟ್ಟು ಎತ್ತಿಡಿ, ಒಳಗೆ ಉಳಿದ ಒಂದು ಹನಿ ತೇವವೂ ಮುಚ್ಚಿದ ಟ್ಯಾಂಕಿನಲ್ಲಿ ಬೂಷ್ಟಾಗುತ್ತದೆ.

ತುಂಗಾತೀರ

ಇಂದಿಗೆ ಎಂಟು ದಿನವಾಯಿತು. ಬೆಳಿಗ್ಗೆ ಅತ್ತೆಯವರು ಟಿವಿಯ ಮೇಲೆ ಬೆರಳು ಎಳೆದು ತೋರಿಸಿದರು, ಬಿಳಿ ಧೂಳಿನ ಗುರುತೂ ಇರಲಿಲ್ಲ. ಮಗನಿಗೆ ಈ ವಾರ ಮೂಗಿನಲ್ಲಿ ರಕ್ತ ಬಂದಿಲ್ಲ.